ಣ ಪುಟ

"ನನ್ನಲ್ಲಿ ಬರೆದಿರದ ಕ್ಯಾಸೆಟ್ಟು ಇವತ್ತು ಗುಜರಿಗೆ ಹೋಗುತ್ತದೆ. ನಿನ್ನ ಹೆಸರೇನು?" ಎಂದು ಮನೆಯ ಸಿನಿಮಾಗಳ ಪಟ್ಟಿಪುಸ್ತಕ ಒಂದು ಹಳೆಯ ಕ್ಯಾಸೆಟ್ಟನ್ನು ಕೇಳಿತು.

"ಚೀಟಿ ಉದುರಿಹೋಗಿದೆ, ಅಜ್ಜ. ಹೆಸರು ಮರೆತೆ. ಒಳಗೆ ಸಿನಿಮಾ ಮಾತ್ರ ಪೂರ್ತಿ ಇದೆ."

"ನನ್ನಲ್ಲಿರುವುದು ಅಕ್ಷರಕ್ಕೊಂದು ಪುಟ. ಹೆಸರಿಲ್ಲದವನನ್ನು ಎಲ್ಲಿ ಸೇರಿಸಲಯ್ಯ?"

ಆಗ ಪುಸ್ತಕದ ಣ ಪುಟ ಬಾಯಿಬಿಟ್ಟಿತು. "ನನ್ನಲ್ಲಿ ಸೇರಿಸಿ. ಣಕಾರದಿಂದ ಶುರುವಾಗುವ ಹೆಸರೇ ಇಲ್ಲ. ಮೊದಲಿನಿಂದಲೂ ಖಾಲಿ ಕೂತಿದ್ದೇನೆ."

"ಅದು ಕ್ರಮವಲ್ಲ," ಎಂದಿತು ಪುಸ್ತಕ.

"ಎಂದೂ ಬಾರದವರಿಗೆ ಒಂದು ಪುಟ ಇಟ್ಟಿದ್ದೀರಿ. ಬಂದು ನಿಂತವನಿಗೆ ಒಂದು ಸಾಲೂ ಇಲ್ಲವೇ?"

ಪುಸ್ತಕ ಣ ಪುಟವನ್ನು ತೆರೆಯಿತು. ಆಮೇಲೆ ಪೆನ್ನನ್ನು ಕರೆಯಿತು.

ಗುಜರಿಯವನು ಬಂದುಹೋದ ಮೇಲೂ ಕ್ಯಾಸೆಟ್ಟು ಕಪಾಟಿನಲ್ಲೇ ಇತ್ತು. ಅದರ ಸಂಖ್ಯೆ ಣ ೧.