ಬಿಟ್ಟುಹೋದ ಲೇಖನ

ಮಲಪ್ರಭೆಯ ದಂಡೆಯ ಮಠವೊಂದರಿಂದ ಶಾಸನಗಳ ಬಗ್ಗೆ ವಿದ್ವತ್ ಪತ್ರಿಕೆ ಬರುತ್ತಿತ್ತು. ಹಳೆಯ ಸಂಚಿಕೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಅವನ್ನೆಲ್ಲ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನು ಗುರುಗಳು ಶಿಷ್ಯ ಮಡಿವಾಳಯ್ಯನಿಗೆ ಒಪ್ಪಿಸಿದ್ದರು.

ಕೆಲಸ ಮುಗಿಯಿತು. ಜೀರ್ಣವಾದ ಗ್ರಂಥಗಳಿಗೆ ಮಾಡುವಂತೆ, ಕಾಗದವನ್ನೆಲ್ಲ ಅವನು ಹೊಳೆಗೆ ಬಿಟ್ಟು ಬಂದ.

“ಎಲ್ಲಾ ಆತೇನಪಾ?” ಎಂದರು ಗುರುಗಳು.

“ಆತ್ರಿ ಅಜ್ಜಾರ. ಹಾರ್ಡ್ ಡಿಸ್ಕಿಗೆ ಹಾಕಿ ತಿಜೋರಿಯೊಳಗ ಇಟ್ಟೀನಿ.”

“ತಿಜೋರಿಗೆ ಬೆಂಕಿ ಬಿದ್ರ?”

ಶಿಷ್ಯ ತಿಜೋರಿಯತ್ತ ತಿರುಗಿ ನೋಡಿದ.

“ಇನ್ನೊಂದು ಪ್ರತಿ ಮಾಡಿ ತಮ್ಮಣ್ಣಾಚಾರ್ಯರಿಗೆ ಕಳಿಸು.”

ಮಡಿವಾಳಯ್ಯನ ಮುಖ ಸಪ್ಪಗಾಯಿತು. ಆಚಾರ್ಯರು ಅದೇ ಪತ್ರಿಕೆಯಲ್ಲಿ ಗುರುಗಳನ್ನು ಜೀವಮಾನವಿಡೀ ಖಂಡಿಸುತ್ತ ಬಂದವರು.

“ಅವರು ನಿಮ್ಮ ಮಾತು ಒಂದರ ಒಪ್ಪ್ಯಾರೇನ್ರಿ?”

“ಇಲ್ಲ. ಆದ್ರ ನಾ ಬರದದ್ದನ್ನ ಅವರಷ್ಟು ಲಕ್ಷ್ಯ ಕೊಟ್ಟು ಓದಿದವರು ಯಾರೂ ಇಲ್ಲ.”

ಒಲ್ಲದ ಮನಸ್ಸಿನಿಂದಲೇ ಕಳಿಸಿದ.

ಕೆಲವು ದಿನಗಳಲ್ಲಿ ಆಚಾರ್ಯರೇ ಕೋಲೂರಿಕೊಂಡು ಬಸ್ಸಿಳಿದು ಬಂದರು. ಕೂರುವ ಮೊದಲೇ ಶುರುವಾಯಿತು.

“ಕಳಿಸಿದ ಪ್ರತಿಯೊಳಗ ನನ್ನ ಉತ್ತರ ಅದ, ಅದು ಯಾವುದಕ್ಕ ಉತ್ತರವೋ ಆ ಸ್ವಾಮಿಗಳ ಲೇಖನಾನೇ ಇಲ್ಲ. ಓದಿದವರು ಏನಂತಾರ? ಈ ಮುದುಕ ಗಾಳಿ ಜೋಡಿ ಜಗಳಾ ಆಡ್ಯಾನ ಅಂತಾರ.”

ಗುರುಗಳು ಶಿಷ್ಯನತ್ತ ನೋಡಿದರು.

“ಅದರಾಗ ಶಾಸನದ ಕಾಲ ತಪ್ಪಿತ್ರಿ,” ಎಂದ ಮಡಿವಾಳಯ್ಯ, ತಲೆ ತಗ್ಗಿಸಿ. “ಮುಂದ ಓದಿದವರು ನಿಮ್ಮನ್ನ ನೋಡಿ ನಗಬಾರದು ಅಂತ ನಾನೇ ಬಿಟ್ಟೆ.”

“ಕಾಗದ?” ಎಂದರು ಗುರುಗಳು.

“ಹೊಳಿಗೆ ಬಿಟ್ಟೀನ್ರಿ. ಬ್ಯಾರೆ ಪ್ರತಿ ಮಠದಾಗ ಇಲ್ಲ.”

ತಾನು ಎಂಥ ಕೆಲಸ ಮಾಡಿಬಿಟ್ಟೆನೆಂದು ಅವನಿಗೆ ಹೊಳೆದದ್ದೇ ಆಗ. ಕಣ್ಣಲ್ಲಿ ನೀರು ಬಂತು.

ಆಚಾರ್ಯರು ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಬೇವಿನ ಎಲೆಗಳ ನಡುವೆ ಆ ಲೇಖನವಿದ್ದ ಸಂಚಿಕೆ ಇತ್ತು. ಅಂಚಿನ ತುಂಬ ಕೆಂಪು ಶಾಯಿಯ ಆಕ್ಷೇಪಗಳು, ಆದರೆ ಒಂದು ಹಾಳೆಯೂ ಹರಿದಿರಲಿಲ್ಲ.

“ಇಷ್ಟು ವರ್ಷ ಯಾಕ ಇಟ್ಕೊಂಡ್ರಿ?” ಎಂದು ಶಿಷ್ಯ ಕೇಳಿದ.

“ಎಲ್ಲೆ ತಪ್ಪು ಅದ ಅಂತ ಕೇಳಿದವರಿಗೆ ತೋರಿಸಬೇಕಲ್ಲೋ.”

ಗುರುಗಳು ಹಾಳೆ ತಿರುವಿದರು. ತಮ್ಮ ಹಳೆಯ ತಪ್ಪನ್ನು ನೋಡಿ ಅವರಿಗೆ ನಗು ಬಂತು. ಸಂಚಿಕೆಯನ್ನು ಶಿಷ್ಯನ ಕೈಗಿಟ್ಟರು.

“ನಿನ್ನ ಭಕ್ತಿಯೊಳಗ ನಾ ಹೊಳಿ ಪಾಲಾಗಿದ್ದೆ, ಮಡಿವಾಳಯ್ಯಾ. ಇವರ ಜಗಳದಾಗ ಉಳಕೊಂಡೀನಿ. ಹೋಗು, ಸ್ಕ್ಯಾನ್ ಮಾಡು, ಕೆಂಪು ಶಾಯಿ ಸಮೇತ.”