ಹೊಳೆಗೆ ಬಿಟ್ಟ ಹಾಡುಗಳು

ಮಲಪ್ರಭಾ ಹೊಳೆಯ ದಂಡೆಯ ಒಂದು ಊರಲ್ಲಿ ಗದಿಗೆಪ್ಪ ಎಂಬ ಹಾರ್ಮೋನಿಯಂ ಮಾಸ್ತರರಿದ್ದರು. ಕಲಿಯಲು ಬಂದವರಿಗೆ ಅವರು ಮೊದಲ ದಿನ ಬಾರಿಸಲು ಹೇಳಿಕೊಡುತ್ತಿರಲಿಲ್ಲ, ಹಾರ್ಮೋನಿಯಂ ಪೆಟ್ಟಿಗೆಯನ್ನೇ ಬಿಚ್ಚಿಸುತ್ತಿದ್ದರು. ಬೆರಳಡಿಯ ಕರಿ ಮನೆಯನ್ನೋ ಬಿಳಿ ಮನೆಯನ್ನೋ ಒತ್ತಿದಾಗ ಸ್ವರ ಹೊರಡದಿದ್ದರೆ ಒಳಗೆ ಕಂಪಿಸಿ ಸ್ವರ ಕೊಡುವ ಹಿತ್ತಾಳೆ ರೀಡು ಸತ್ತಿತೆಂದು ಕಿತ್ತು ಎಸೆಯಬಾರದು. ತೆಳ್ಳನೆಯ ಕಾಗದದ ಪಟ್ಟಿಯನ್ನು ಅದರ ಕೆಳಗೆ ಮೆಲ್ಲಗೆ ಆಡಿಸಿ ನೋಡಬೇಕು. ಹತ್ತಕ್ಕೆ ಒಂಬತ್ತು ಸಲ ಅಲ್ಲಿ ಧೂಳು ಕೂತಿರುತ್ತದೆ, ಅಷ್ಟೇ. ನಲವತ್ತು ವರ್ಷಗಳಲ್ಲಿ ಈ ಪಾಠವನ್ನು ಎಷ್ಟು ಮಂದಿಗೆ ಹೇಳಿದ್ದರೋ ಅವರಿಗೇ ನೆನಪಿಲ್ಲ. ತಾವೇ ಹೇಳಿದ್ದು ತಮ್ಮ ಕಿವಿಗೆ ಬಿದ್ದಿತ್ತೋ ಇಲ್ಲವೋ, ಮುಂದೆ ನೋಡೋಣ.

ಮಾಸ್ತರರ ಗುರು ಇಮಾಮಸಾಬರು ನಾಟಕ ಕಂಪನಿಯಲ್ಲಿ ಪೆಟ್ಟಿಗೆ ಬಾರಿಸಿದವರು. ಕಂಪನಿ ಮುಚ್ಚಿದ ಮೇಲೆ ರಂಗದ ಹಾಡುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡು, ಸ್ವರ ಹಾಕಿ, ಹನ್ನೆರಡು ನೋಟ್‌ಬುಕ್ಕುಗಳಲ್ಲಿ ಬರೆದು, ಶಿಷ್ಯನ ಕೈಗಿಟ್ಟು ಕಣ್ಣು ಮುಚ್ಚಿದ್ದರು. ಮುನ್ನೂರ ಹದಿನಾರು ಹಾಡುಗಳು. ಬೇರೆ ಯಾರ ಬಳಿಯೂ ಇಲ್ಲದವು. ಕಾಗದ ಹಣ್ಣಾಗಿ ಉದುರತೊಡಗಿದಾಗ ಮಾಸ್ತರರು ಹಳೆಯದೊಂದು ಕಂಪ್ಯೂಟರ್ ಕೊಂಡು, ಒಂದೇ ಬೆರಳಿನಿಂದ ಆರು ವರ್ಷ ಕುಟ್ಟಿ, ಎಲ್ಲವನ್ನೂ ಅದರೊಳಗೆ ಇಳಿಸಿದರು. ಗುರುವಿನ ಕೈಬರಹ ರದ್ದಿಗೆ ಹೋಗಿ ಮಿರ್ಚಿ ಭಜಿಯ ಪೊಟ್ಟಣವಾಗಬಾರದು ತಾನೇ? ಮುಕ್ಕಾಗಿ ಭಿನ್ನವಾದ ದೇವರ ಮೂರ್ತಿಯನ್ನು, ಹರಿದ ಪುರಾಣದ ಪುಸ್ತಕವನ್ನು ಆ ಊರಲ್ಲಿ ಹೊಳೆಗೆ ಬಿಡುವುದು ವಾಡಿಕೆ. ಮಾಸ್ತರರೂ ನೋಟ್‌ಬುಕ್ಕುಗಳಿಗೆ ಹೂವೇರಿಸಿ, ಕೈಮುಗಿದು, ಮಲಪ್ರಭೆಗೆ ಬಿಟ್ಟರು. ಅಂದಿನಿಂದ ಆ ಹಾಡುಗಳಿಗೆ ಇದ್ದದ್ದು ಕಂಪ್ಯೂಟರ್ ಒಂದೇ ಮನೆ.

ಆ ಮನೆಯೋ ದಿನದಿನಕ್ಕೆ ಶಿಥಿಲವಾಗುತ್ತಿತ್ತು. ಬೆಳಿಗ್ಗೆ ಗುಂಡಿ ಒತ್ತಿ ಹೋದರೆ ಮಾಸ್ತರರ ಸ್ನಾನ ಮುಗಿದು, ವಿಭೂತಿ ಹಚ್ಚಿ, ಅರ್ಧ ಕಪ್ ಚಹಾ ಇಳಿದ ಮೇಲೆ ಅದು ಕಣ್ಣು ಬಿಡುತ್ತಿತ್ತು. ಕಣ್ಣು ಬಿಟ್ಟದ್ದೇ ವೈರಸ್ ಬಂತು, ವೈರಸ್ ಬಂತು ಎಂದು ಕೆಂಪು ಪಟ್ಟಿ ಹಾರಿಸುತ್ತಿತ್ತು. ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮಹಾನಂದಾ ಎಂಟು ವರ್ಷಗಳಿಂದ ಅವರಲ್ಲಿ ಹಾರ್ಮೋನಿಯಂ ಕಲಿಯುತ್ತಿದ್ದಳು. ಯಂತ್ರ ಗಟ್ಟಿಯಾಗಿದೆ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಮಾತ್ರ ಹಳತಾಗಿದೆ ಎಂದು ಅವಳು ಹೇಳಿದಳು. ಹೊಸಬರಿಗೆ ಹೇಳಿ ಮಾಡಿಸಿದಂಥದ್ದು ಒಂದಿದೆ, ದೇಶದೇಶದ ಜನ ಕೂಡಿ ಕಟ್ಟಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ, ಪುಕ್ಕಟೆ ಹಾಕಿಕೊಳ್ಳಬಹುದು ಎಂದಳು.

ಪುಕ್ಕಟೆ ಎಂದದ್ದೇ ಮಾಸ್ತರರ ಹುಬ್ಬು ಮೇಲೇರಿತು. ಪುಕ್ಕಟೆ ಬಂದದ್ದರ ಮೇಲೆ ಗುರುವಿನ ಹಾಡು ಇಡಬೇಕೆ ಎಂದು ಕೇಳಿದರು.

"ಈಗ ಇದರಾಗ ಇರೋದೂ ಪುಕ್ಕಟೇನ ಐತ್ರಿ ಮಾಸ್ತರ," ಎಂದಳು ಮಹಾನಂದಾ. "ಮಾರಿದ ಅಂಗಡಿಯಾಂವ ಕದ್ದದ್ದು ಹಾಕ್ಯಾನ, ಅಷ್ಟ."

ಮಾಸ್ತರರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಪೂಜೆಗೆಂದು ಪಕ್ಕದವರ ಕಣಗಿಲ ಹೂವನ್ನೂ ಕೇಳದೆ ಕೀಳದ ಮನುಷ್ಯ. ಇಷ್ಟು ವರ್ಷ ಗುರುವನ್ನು ಕದ್ದ ಮಾಲಿನ ಮೇಲೆ ಕೂಡಿಸಿದ್ದೆನಲ್ಲ ಎಂದು ಅವರಿಗೆ ಮೈಯೆಲ್ಲ ಮುಳ್ಳೆದ್ದಿತು. ಈ ಭಾನುವಾರವೇ ಬಾ, ಮೊದಲು ಅದನ್ನು ತೊಳೆದು ಹಾಕು ಎಂದರು.

ಭಾನುವಾರ ಬೆಳಿಗ್ಗೆ ಮಹಾನಂದಾ ಬಂದಳು. ಹಾಡುಗಳ ಫೋಲ್ಡರನ್ನು ಪೆನ್ ಡ್ರೈವಿಗೆ ಇಳಿಸಿ, ಎಣಿಸಿ, ಮುನ್ನೂರ ಹದಿನಾರು ಎಂದು ಮಾಸ್ತರರಿಗೂ ತೋರಿಸಿದಳು. ಹಳೆಯದು ಈಗ ಪೂರ್ತಿ ಅಳಿಯುತ್ತದೆ, ಒಪ್ಪಿಗೆಯೇ ಎಂದು ಕೇಳಿದಳು. ಮಾಸ್ತರರು ಎದೆಯ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸಿದರು. ಒಂದು ತಾಸಿನಲ್ಲಿ ಹೊಸ ಸಿಸ್ಟಂ ಬಂದು ಕೂತಿತು. ಹಾಡುಗಳನ್ನು ಮತ್ತೆ ಒಳಗಿಳಿಸಿ ಇನ್ನೊಮ್ಮೆ ಎಣಿಸಿದಳು, ಮುನ್ನೂರ ಹದಿನಾರು. ಪೆನ್ ಡ್ರೈವನ್ನು ಮಾಸ್ತರರ ಕೈಗಿಟ್ಟು, ಇದನ್ನು ಬೇರೆ ಕಡೆ ಜೋಪಾನವಾಗಿಡಿ ಎಂದಳು. ಪರೀಕ್ಷೆಯ ಕೆಲಸಕ್ಕೆ ಪರ ಊರಿಗೆ ಹೋಗಬೇಕಿತ್ತು, ಹನ್ನೆರಡರ ಬಸ್ಸು. ಚಹಾವನ್ನೂ ಅರ್ಧಕ್ಕೆ ಬಿಟ್ಟು ಓಡಿದಳು. ಎರಡು ಸಲ ಎಣಿಸಿದವಳು ಒಂದು ಹಾಡನ್ನೂ ತೆರೆದು ನೋಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಮಾಸ್ತರರು ಗುಂಡಿ ಒತ್ತಿದರು. ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಸಿದ್ಧವಾಗಿ ನಿಂತಿತ್ತು. ಕೆಂಪು ಪಟ್ಟಿಯಿಲ್ಲ, ಕಿರಿಕಿರಿಯಿಲ್ಲ. ಹೆಂಡತಿ ಪಾರ್ವತೆವ್ವನನ್ನು ಅಡುಗೆಮನೆಯಿಂದ ಕೂಗಿ ಕರೆದು, ನೋಡು ಬಾ, ಮುದುಕನಿಗೆ ಹರೆಯ ಬಂತು ಎಂದು ತೋರಿಸಿದರು. ಆಮೇಲೆ ಮೊದಲ ಹಾಡನ್ನು ತೆರೆದರು. ಇಮಾಮಸಾಬರು ಪ್ರತಿ ನಾಟಕಕ್ಕೂ ಮುಂಚೆ ಬಾರಿಸುತ್ತಿದ್ದ ನಾಂದಿ ಅದು.

ಪರದೆಯ ಮೇಲೆ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಕೊಂಬು, ಕಾಲಿಗೆ ಬಾಲ, ನಡುನಡುವೆ ಚುಕ್ಕಿ, ಗೆರೆ, ಸೊನ್ನೆ. ಗುರುವಿನ ಹೆಸರಿದ್ದ ಜಾಗದಲ್ಲೂ ಅದೇ ಹುಳುಹುಪ್ಪಟೆ. ಎರಡನೆಯ ಹಾಡು ತೆರೆದರು, ಹಾಗೇ. ಐವತ್ತನೆಯದು, ಇನ್ನೂರನೆಯದು, ಕಡೆಯದು, ಎಲ್ಲ ಹಾಗೇ. ದೇವರ ಗೂಡಿನಲ್ಲಿಟ್ಟಿದ್ದ ಪೆನ್ ಡ್ರೈವ್ ತಂದು ಚುಚ್ಚಿ ನೋಡಿದರು. ಅಲ್ಲೂ ಅದೇ. ಪಾರ್ವತೆವ್ವ ನೀರು ತಂದರೆ ಮುಟ್ಟಲಿಲ್ಲ.

"ಆಕಿಗೊಂದು ಫೋನ್ ಮಾಡ್ರಿ," ಎಂದರು ಪಾರ್ವತೆವ್ವ. "ಒಂದ್ ಮಾತು ಕೇಳಿದ್ರ ಏನ್ ಹೋಗ್ತೈತಿ?"

"ಏನ್ ಕೇಳ್ಲಿ?" ಎಂದರು ಮಾಸ್ತರರು. "ಹೆಣದ ಮುಂದ ನಿಂತು ಆರಾಮ ಅದಿಯೇನು ಅಂತ ಕೇಳ್ಲೇನು?"

ಅವರಿಗೆ ಅನುಮಾನವೇ ಇರಲಿಲ್ಲ. ಕಣ್ಣಿಗೆ ಕಾಣುತ್ತಿತ್ತಲ್ಲ. ಪುಕ್ಕಟೆಯ ಸಿಸ್ಟಂ ಗುರುವನ್ನು ನುಂಗಿತು, ನುಂಗಿಸಿದವಳು ತನ್ನದೇ ಶಿಷ್ಯೆ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಪರದೆಯ ಮುಂದೆ ಕೂತೇ ಇದ್ದರು. ಆ ವಿಕಾರವನ್ನು ನೋಡನೋಡುತ್ತ ಅವರಿಗೆ ಒಂದೇ ಯೋಚನೆ ಬಲಿಯಿತು. ಮೂಗು ಮುರಿದ ಮೂರ್ತಿಯನ್ನು ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ಗುರುವಿನ ಹಾಡನ್ನು ಈ ಅವಸ್ಥೆಯಲ್ಲಿ ಹೇಗೆ ಇಟ್ಟುಕೊಳ್ಳಲಿ?

ಹಿಂದೆ ಅಂಗಡಿಯವನು ಕಲಿಸಿದ್ದ ವಿದ್ಯೆಯೊಂದು ಅವರಿಗೆ ಗೊತ್ತಿತ್ತು, ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಉಳಿಯದಂತೆ ಅಳಿಸುವುದು. ಹೊಸ ಸಿಸ್ಟಂ, ನಿಜವಾಗಿ ಅಳಿಸಲೇ ಎಂದು ಶುದ್ಧ ಕನ್ನಡದಲ್ಲೇ ಕೇಳಿತು. ಈ ಯಂತ್ರಕ್ಕೆ ಕನ್ನಡ ಬರುತ್ತದೆ, ಹಾಗಿದ್ದರೆ ನನ್ನ ಹಾಡಿಗೇನಾಯಿತು ಎಂದು ಆಗಲಾದರೂ ಹೊಳೆಯಬಾರದಿತ್ತೇ. ಹೊಳೆಯಲಿಲ್ಲ. ಕಣ್ಣು ಮುಚ್ಚಿ ಒತ್ತಿದರು.

ಪೆನ್ ಡ್ರೈವಿಗೆ ವಿಭೂತಿ ಹಚ್ಚಿ, ಎರಡು ಹೂವಿನೊಡನೆ ವೀಳ್ಯದೆಲೆಯಲ್ಲಿ ಸುತ್ತಿ, ಇಳಿಹೊತ್ತಿಗೆ ಹೊಳೆಗೆ ನಡೆದರು. ನೋಟ್‌ಬುಕ್ಕುಗಳನ್ನು ಬಿಟ್ಟ ಅದೇ ಮೆಟ್ಟಿಲು. ಕಡೆಯ ಮೆಟ್ಟಿಲಿಗೆ ಇಳಿದು ನಿಂತಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದರು. ಮಹಾನಂದಾಳ ಹೆಸರು. ಕಟ್ ಮಾಡಿದರು. ಮತ್ತೆ ಬಂತು, ಮತ್ತೆ ಕಟ್ ಮಾಡಿ ಫೋನನ್ನೇ ಆರಿಸಿದರು. ಆಮೇಲೆ ಕೈಮುಗಿದು ಎಲೆಯ ಪೊಟ್ಟಣವನ್ನು ನೀರಿಗೆ ಬಿಟ್ಟರು. ನೋಟ್‌ಬುಕ್ಕುಗಳು ಅಂದು ಬಹಳ ದೂರ ತೇಲಿಕೊಂಡು ಹೋಗಿದ್ದವು. ಇದು ಗುಳಕ್ಕೆಂದು ಅಲ್ಲೇ ಮುಳುಗಿತು.

ಬುಧವಾರ ಬೆಳಿಗ್ಗೆ ಮಹಾನಂದಾ ಬಸ್‌ಸ್ಟ್ಯಾಂಡಿನಿಂದ ನೇರವಾಗಿ ಬಂದಳು, ಹೆಗಲ ಮೇಲಿನ ಚೀಲವನ್ನೂ ಇಳಿಸಿರಲಿಲ್ಲ. ಮಾಸ್ತರರು ಗೋಡೆಯ ಕಡೆ ಮುಖ ಮಾಡಿ ಕೂತರು. ಅವರು ಫೋನ್ ಎತ್ತದಿದ್ದಾಗಲೇ ಮುನಿಸಿಕೊಂಡಿದ್ದಾರೆಂದು ಅವಳಿಗೆ ಗೊತ್ತಾಗಿತ್ತು. ನಿಮ್ಮ ಹಳೆಯ ಕನ್ನಡ ಫಾಂಟ್, ಅಂದರೆ ಅಕ್ಷರದ ಅಚ್ಚು, ಹಾಕುವುದು ಮರೆತಿದ್ದೆ, ಹಾಡೆಲ್ಲ ಇರುವೆ ಸಾಲಿನ ಹಾಗೆ ಕಂಡಿರಬೇಕು, ಅದನ್ನು ಹೇಳಲಿಕ್ಕೇ ಸೋಮವಾರ ಎರಡು ಸಲ ಫೋನ್ ಮಾಡಿದೆ ಎನ್ನುತ್ತ ಕಂಪ್ಯೂಟರಿನ ಮುಂದೆ ಕೂತಳು. ಎರಡು ನಿಮಿಷದ ಕೆಲಸ. ಸರಿಯಾಯಿತೋ ಇಲ್ಲವೋ ನೋಡಲು, ಹಿಂದೊಮ್ಮೆ ಅಭ್ಯಾಸಕ್ಕೆಂದು ತನ್ನ ಸ್ವಂತ ಪೆನ್ ಡ್ರೈವಿಗೆ ಹಾಕಿಕೊಂಡಿದ್ದ ಒಂದು ಹಾಡನ್ನು ತೆರೆದಳು. ನೂರಾ ಹದಿನಾಲ್ಕನೆಯದು. ತೆರೆದು, ನೋಡುತ್ತ, ಮೆಲ್ಲಗೆ ಹಾಡಿದಳು.

ಮಾಸ್ತರರು ತಿರುಗಿ ನೋಡಿದರು. ಪರದೆಯ ತುಂಬ ಕನ್ನಡ. ಗುಂಡುಗುಂಡು ಅಕ್ಷರ, ಕೆಳಗೆ ಸ್ವರ, ಮೇಲೆ ತಾಳದ ಗುರುತು. ಎಲ್ಲಕ್ಕೂ ಮೇಲೆ, ಒಂದು ಕೊಂಬು ಬಾಲವಿಲ್ಲದೆ, ಇಮಾಮಸಾಬ ಮಾಸ್ತರ ಎಂಬ ಹೆಸರು.

"ಇದು ಇಷ್ಟು ದಿನ ಎಲ್ಲಿ ಹೋಗಿತ್ತವಾ?" ಎಂದು ಕೇಳಿದರು.

"ಎಲ್ಲೂ ಹೋಗಿರಲಿಲ್ರಿ ಮಾಸ್ತರ. ಹಾಡು ಇದ್ದಲ್ಲೇ ಇದ್ವು. ಹಳೇ ಫಾಂಟಿನಾಗ ಬರದದ್ದಕ್ಕ ಆ ಫಾಂಟ್ ಇಲ್ಲದ ಹೊಸ ಸಿಸ್ಟಮ್ಮಿಗೆ ಓದಾಕ ಬರ್ತಿರಲಿಲ್ಲ. ಹೋಗೂ ಮುಂದ ಒಂದರ ತಗದು ತೋರಿಸಬೇಕಿತ್ತು, ತಪ್ಪು ನಂದು." ಆಮೇಲೆ ಅವಳು ಪರದೆಯಲ್ಲಿ ಹುಡುಕುತ್ತ ಕೇಳಿದಳು, "ಉಳಿದ ಹಾಡಿನ ಫೋಲ್ಡರ್ ಎಲ್ಲಿಟ್ಟೀರಿ?"

ಅಳಿಸಿದೆ ಎಂದರು ಮಾಸ್ತರರು. ಮಹಾನಂದಾ ಒಂದು ಕ್ಷಣ ತಡೆದು, ಅಡ್ಡಿಯಿಲ್ಲ, ಪೆನ್ ಡ್ರೈವ್ ಕೊಡಿ, ಅದರಿಂದ ಮತ್ತೆ ಇಳಿಸುತ್ತೇನೆ ಎಂದು ಕೈ ಚಾಚಿದಳು. ಮಾಸ್ತರರು ಕಿಟಕಿಯ ಆಚೆ ಹೊಳೆಯ ಕಡೆ ಬೆರಳು ತೋರಿಸಿದರು.

ಚಾಚಿದ ಕೈ ಹಾಗೇ ನಿಂತಿತು. ಮಾಸ್ತರರು ಪರದೆಯ ಮೇಲಿದ್ದ ಗುರುವಿನ ಹೆಸರನ್ನು ನೋಡುತ್ತಿದ್ದರು. ಮುನ್ನೂರ ಹದಿನಾರೂ ಹೀಗೇ ಇದ್ದವು. ಸೋಮವಾರ ಸಂಜೆ, ಫೋನು ಬಡಿದುಕೊಳ್ಳುತ್ತಿದ್ದಾಗ, ಅವರ ಅಂಗೈಯಲ್ಲಿದ್ದವು. ಯಾವ ಸಿಸ್ಟಮ್ಮೂ ನುಂಗಿರಲಿಲ್ಲ, ಯಾವ ಶಿಷ್ಯೆಯೂ ಕೆಡಿಸಿರಲಿಲ್ಲ. ಕೊಂದದ್ದು ತಮ್ಮದೇ ಕೈ ಎಂದು ತಿಳಿದಾಗ ಆದ ಆಘಾತದ ಮುಂದೆ ಸೋಮವಾರದ್ದು ಏನೂ ಅಲ್ಲವೆನಿಸಿತು.

"ರೀಡಿನ ಕೆಳಗ ಧೂಳು ಕೂತಿತ್ತವಾ," ಎಂದರು ಕಡೆಗೆ. "ನಾನು ಪೆಟಗೀನ ಹೊಳಿಗೆ ಒಗದೆ."

ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಉಪಾಯಗಳನ್ನೆಲ್ಲ ಮಹಾನಂದಾ ಎರಡು ದಿನ ಮಾಡಿ ನೋಡಿದಳು. ಸಿಕ್ಕದ್ದು ಚೂರುಪಾರು, ಯಾವ ಹಾಡಿನ ಯಾವ ಸಾಲೋ ತಿಳಿಯದ್ದು. ಅಂಬಿಗರು ಮೆಟ್ಟಿಲ ಬುಡದಲ್ಲಿ ಮುಳುಗಿ ಹುಡುಕಿದರು, ಕೆಸರು ಬಂತು. ಮೂರನೆಯ ದಿನ ಮಾಸ್ತರರು ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತು, ನೆನಪಿದ್ದದ್ದನ್ನು ಹಾಡತೊಡಗಿದರು. ಮಹಾನಂದಾ ಅದೇ ಪುಕ್ಕಟೆಯ ಸಿಸ್ಟಮ್ಮಿನಲ್ಲಿ ಟೈಪ್ ಮಾಡಿದಳು. ಪ್ರತಿ ಹಾಡು ಮುಗಿದಾಗಲೂ ಮುಚ್ಚಿ, ಮತ್ತೆ ತೆರೆದು, ಮಾಸ್ತರರಿಗೆ ತೋರಿಸಿಯೇ ಮುಂದಕ್ಕೆ ಹೋದಳು. ಒಂದೂವರೆ ವರ್ಷವಾಯಿತು. ನೂರಾ ಎಪ್ಪತ್ತು ಹಾಡುಗಳು ಬಂದವು. ಕೆಲವಕ್ಕೆ ಪಲ್ಲವಿ ಬಂದು ಚರಣ ಬರಲಿಲ್ಲ. ಉಳಿದವು ಬರಲೇ ಇಲ್ಲ.

ಬಾರದ ಹಾಡುಗಳಿಗೂ ಮಾಸ್ತರರು ಒಂದೊಂದು ಫೈಲು ಮಾಡಿಸಿದ್ದಾರೆ. ಒಳಗೆ ಏನೂ ಇಲ್ಲ, ಮೇಲೆ ಸಂಖ್ಯೆ ಮಾತ್ರ. ಹೊಸದಾಗಿ ಕಲಿಯಲು ಬಂದವರಿಗೆ ಮೊದಲ ದಿನ ಕಾಗದದ ಪಟ್ಟಿ ಆಡಿಸುವುದನ್ನು ತೋರಿಸಿ, ಆಮೇಲೆ ಕಂಪ್ಯೂಟರಿನ ಮುಂದೆ ಕೂಡಿಸಿ ಆ ಖಾಲಿ ಫೈಲುಗಳನ್ನು ಒಂದೊಂದಾಗಿ ತೆರೆದು ತೋರಿಸುತ್ತಾರೆ. ಅವು ಸುಮ್ಮನೆ ಯಾಕೆ ಎಂದು ಯಾರಾದರೂ ಕೇಳಿದರೆ ಮುಂದಿನ ಫೈಲು ತೆರೆಯುತ್ತಾರೆ. ಅಳಿಸಲು ಮಾತ್ರ ಅವರ ಕೈ ಏಳುವುದಿಲ್ಲ.

ನೀತಿ: ನಮಗೆ ಓದಲು ಬಾರದ್ದೆಲ್ಲ ಹಾಳಾದದ್ದಲ್ಲ. ಆಘಾತವಾದ ಗಳಿಗೆಯಲ್ಲಿ ಕೈ ಕಟ್ಟಿಕೊಂಡು ಕೂತು, ತಿಳಿದವರನ್ನು ಒಂದು ಮಾತು ಕೇಳಬೇಕು. ಕೇಳುವ ಮುಂಚೆ ಏನನ್ನೂ ಅಳಿಸಬಾರದು. ಹೊಸದನ್ನು ತಂದುಕೊಡುವವರೂ ಅಷ್ಟೇ, ಎಣಿಸಿ ಒಪ್ಪಿಸಿದರೆ ಸಾಲದು, ತೆರೆದು ತೋರಿಸಿ ಹೋಗಬೇಕು.