ಗಾಳದ ಜಟ್ಟಿ ಉಳಿಸಿಕೊಂಡ ಮಾತು

ಬಹಳ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ದಡದಲ್ಲಿ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ನಾನು ನನ್ನ ಅಜ್ಜನನ್ನು ಕೇಳಿ ಬೈಸಿಕೊಂಡಿದ್ದೇನೆ. ಆ ಊರಲ್ಲಿ ಜಟ್ಟಿ ಅಂತ ಒಬ್ಬ ಅಂಬಿಗನಿದ್ದ. ಊರವರೆಲ್ಲ ಬಲೆ ಬೀಸಿದರೆ ಅವನೊಬ್ಬ ಗಾಳ ಹಾಕುತ್ತಿದ್ದ. ಅದೂ ಕುರುಡೆ ಮೀನಿಗೆ ಮಾತ್ರ.

ಕುರುಡೆ ಅಂದರೆ ನಿಮಗೆ ಸಾರಿನೊಳಗಿನ ತುಂಡು ಗೊತ್ತು, ಅಷ್ಟೇ. ನೀರಿನಲ್ಲಿ ಅದರ ಗತ್ತೇ ಬೇರೆ. ಬಂಡೆಯ ಮರೆಯಲ್ಲಿ ಅಲ್ಲಾಡದೆ ನಿಂತಿರುತ್ತದೆ. ಸಣ್ಣ ಮೀನು ಹತ್ತಿರ ಬಂತೋ, ಬೊಳಕ್ ಅಂತ ಒಂದೇ ಸದ್ದು, ಮುಗಿಯಿತು. ಜಟ್ಟಿ ದಡದಲ್ಲಿ ಕಣ್ಣು ಮುಚ್ಚಿ ಕೂತು ಆ ಸದ್ದು ಕೇಳಿಯೇ ಮೀನಿನ ತೂಕ ಹೇಳುತ್ತಿದ್ದನಂತೆ. ನೀರಿನಡಿಯಲ್ಲಿ ಮೀನು ಮಗ್ಗುಲು ಬದಲಿಸಿದರೂ ಅವನಿಗೆ ತಿಳಿಯುತ್ತಿತ್ತಂತೆ. ಇದನ್ನು ನಾನೂ ಪೂರ್ತಿ ನಂಬುವುದಿಲ್ಲ. ಆದರೆ ಅವನು ಬರಿಗೈಲಿ ಮನೆಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ ಅಂತ ಹೇಳುತ್ತಾರೆ. ಅದನ್ನು ನಂಬುತ್ತೇನೆ.

ಅವನ ವಿದ್ಯೆ ಅವನ ಹೊಟ್ಟೆಯೊಳಗೇ ಇತ್ತು. ಯಾರಾದರೂ ಕೇಳಿದರೆ ನಕ್ಕುಬಿಡುತ್ತಿದ್ದನಂತೆ. ಯಾರಾದರೂ ಹಿಂದೆ ಬಂದರೆ ಗಾಳ ಸುತ್ತಿಟ್ಟು ಎಲೆಯಡಿಕೆ ಹಾಕುತ್ತಾ ಕೂರುತ್ತಿದ್ದನಂತೆ. ಬಂದವರು ಬೇಸತ್ತು ಎದ್ದುಹೋದ ಮೇಲೆ ಮತ್ತೆ ಗಾಳ ಬಿಚ್ಚುತ್ತಿದ್ದನಂತೆ.

ಅವನಿಗೊಬ್ಬಳು ತಂಗಿ, ಕುಸಲಿ ಅಂತ. ಅದೇ ಊರಿನ ಬೀರಣ್ಣನಿಗೆ ಕೊಟ್ಟಿತ್ತು. ಒಂದು ಮಳೆಗಾಲದ ಮೊದಲ ಗಾಳಿಗೇ ಬೀರಣ್ಣನ ದೋಣಿ ಒಡೆದು ಹೋಯಿತು, ಬಲೆಯೂ ಹೋಯಿತು. ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಕುಸಲಿ ಅಣ್ಣನ ಮನೆಗೆ ಬಂದು, ದಿನಾ ಮೀನು ಕೊಡುವುದು ಬೇಡ, ನಮ್ಮ ಮನೆಯವರಿಗೆ ಗಾಳ ಹಾಕುವುದನ್ನು ಕಲಿಸು ಅಂದಳಂತೆ. ತಂಗಿಯ ಮಾತನ್ನು ಹೇಗೆ ತೆಗೆದುಹಾಕುತ್ತಾನೆ? ಒಪ್ಪಿದ.

ಒಪ್ಪಿದವನು ಹೇಳಿಕೊಟ್ಟ. ಸಮುದ್ರ ಉಕ್ಕಿ ಭರತ ತುಂಬಿದಾಗ ಹೋಗಬೇಡ, ನೀರು ಇಳಿಯಲು ಶುರುವಾದಾಗ ಹೋಗು ಅಂದ. ಆಗ ಕೊಡ್ಲು ತೋಡುಗಳ ಸಣ್ಣ ಮೀನೆಲ್ಲ ನೀರಿನ ಜೊತೆ ಹೊಳೆಗೆ ಬರುತ್ತದೆ, ಕುರುಡೆ ಆ ತೋಡಿನ ಬಾಯಲ್ಲಿ ಕಾದಿರುತ್ತದೆ ಅಂದ. ಸತ್ತ ಸಿಗಡಿ ಬೇಡ, ಜೀವದ ಸಿಗಡಿಯನ್ನು ಬಾಲದ ಹತ್ತಿರ ಚುಚ್ಚು, ಅದು ಈಜುತ್ತಲೇ ಇರಲಿ ಅಂದ. ಮೀನಿನ ತಲೆಯ ಮೇಲೆ ಎಸೆಯಬೇಡ, ಹರಿವಿನ ಮೇಲ್ಗಡೆ ಬಿಡು, ನೀರೇ ಒಯ್ಯಲಿ ಅಂದ. ಕುರುಡೆಯ ಕಿವಿರಿನ ಅಂಚು ಕತ್ತಿಯಂತೆ ಹುರಿ ಕೊಯ್ಯುತ್ತದೆ, ಗಾಳದ ಹತ್ತಿರ ಒಂದು ಮೊಳ ಹಿತ್ತಾಳೆ ತಂತಿ ಕಟ್ಟು ಅಂದ. ತನ್ನದೇ ಒಂದು ಗಾಳವನ್ನೂ ಕೊಟ್ಟ.

ಒಂದು ಮಾತು ಮಾತ್ರ ಹೇಳಲಿಲ್ಲ. ಗಾಳ ಕಚ್ಚಿದ ಕುರುಡೆ ನೀರಿನಿಂದ ಮೇಲಕ್ಕೆ ಹಾರಿ ತಲೆ ಒದರುತ್ತದೆ. ಆಗ ಎಳೆಯಬಾರದು, ಹುರಿ ಬಿಡಬೇಕು. ಎಳೆದರೆ ಗಾಳ ಕಿತ್ತುಬರುತ್ತದೆ. ಜಟ್ಟಿ ಅದನ್ನು ತನಗೇ ಇಟ್ಟುಕೊಂಡ. ನಾಲ್ಕು ಮೀನು ತಪ್ಪಿಸಿಕೊಳ್ಳಲಿ, ಆಮೇಲೆ ಭಾವ ತಾನಾಗಿ ಬಂದು ಕೇಳಲಿ ಅಂದುಕೊಂಡನಂತೆ. ಅಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಕೆಟ್ಟವನಲ್ಲ ಅವನು. ಸ್ವಲ್ಪ ಜಂಬ, ನಮಗೆಲ್ಲ ಇರುವಷ್ಟೇ.

ಬೀರಣ್ಣ ಹೋದ. ಮೀನು ಕಚ್ಚಿತು, ಹಾರಿತು, ತಪ್ಪಿತು. ಮರುದಿನ ಕಚ್ಚಿತು, ಹಾರಿತು, ಹುರಿಯೇ ಕೈಯಿಂದ ಜಾರಿತು. ಅವನು ಜಟ್ಟಿಯನ್ನು ಕೇಳಲು ಹೋಗಲಿಲ್ಲ. ತಪ್ಪು ತನ್ನ ಕೈಯದು, ಹಿಡಿತ ಸಾಲದು ಅಂದುಕೊಂಡ. ಮೂರನೆಯ ದಿನ ಬೆಳಿಗ್ಗೆ ಹುರಿಯನ್ನು ಮುಂಗೈಗೆ ಸುತ್ತಿಕೊಂಡು ಬಂಡೆಯ ಮೇಲೆ ನಿಂತ. ಏಳು ಸುತ್ತು ಅಂತ ಹೇಳುತ್ತಾರೆ.

ಹೊಳೆಯಾಚೆ ಕಪ್ಪೆಚಿಪ್ಪು ಆರಿಸುತ್ತಿದ್ದ ಹೆಂಗಸರು ನೋಡಿದ್ದು ಇಷ್ಟು. ಆಳುದ್ದದ ಕುರುಡೆ ಹಾರಿತು. ಬೀರಣ್ಣ ಎಳೆದ. ಅದು ಬಿದ್ದು ಸಮುದ್ರದ ಕಡೆ ಓಡಿತು. ಬಂಡೆಯ ಮೇಲೆ ಯಾರೂ ಇರಲಿಲ್ಲ.

ಸಂಜೆಯ ಇಳಿತದಲ್ಲಿ ಅವನು ಉಪ್ಪುನೀರಿನ ಅಂಚಿನ ಕಾಂಡ್ಲ ಗಿಡದ ಬೇರಿನಲ್ಲಿ ಸಿಕ್ಕಿದ. ಹುರಿಯ ಇನ್ನೊಂದು ತುದಿಯಲ್ಲಿ ಮೀನು ಇನ್ನೂ ಬದುಕಿತ್ತಂತೆ. ಜಟ್ಟಿ ನೀರಿಗಿಳಿದು ಆ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದ. ಬಿಚ್ಚುತ್ತಾ ಬಿಚ್ಚುತ್ತಾ, "ಅಯ್ಯೋ, ಹಾರ್ದಾಗ ಬಿಡ್ಬೇಕಿತ್ತು, ಹುರಿ ಬಿಡ್ಬೇಕಿತ್ತು" ಅಂತ ಬಾಯಿಬಿಟ್ಟು ಅತ್ತ.

ದಡದಲ್ಲಿದ್ದ ಕುಸಲಿ ಅಳು ನಿಲ್ಲಿಸಿದಳು.

"ಇದ್ನ ಅವ್ರಿಗೆ ಹೇಳಿದ್ಯಾ, ಅಣ್ಣಾ?"

ಜಟ್ಟಿ ತಲೆ ಎತ್ತಲಿಲ್ಲ.

ಅವತ್ತಿನಿಂದ ಅವನು ಗಾಳ ಮುಟ್ಟಲಿಲ್ಲ ಅಂತ ಹೇಳುತ್ತಾರೆ. ಆದರೆ ಮಾತು ನಿಲ್ಲಿಸಲಿಲ್ಲ. ಮನೆಮನೆಗೆ ಹೋಗಿ ಹೇಳಿದ. ಭತ್ತ ಕುಟ್ಟುವವರಿಗೆ ಹೇಳಿದ, ದನ ಮೇಯಿಸುವವರಿಗೆ ಹೇಳಿದ, ಮೀನು ಮುಟ್ಟದವರ ಬೇಲಿಯ ಹೊರಗೆ ನಿಂತೂ ಹೇಳಿದ. ಕೈಗೆ ಸುತ್ತಬೇಡಿ, ಮರದ ತುಂಡಿಗೆ ಸುತ್ತಿ. ಹಾರಿದಾಗ ಬಿಡಿ. ಜನ ಮೊದಲು ಕನಿಕರಪಟ್ಟರು, ಆಮೇಲೆ ಅವನನ್ನು ಕಂಡರೆ ದಾರಿ ಬದಲಿಸಿದರು. ಕುಸಲಿಯ ಬಾಗಿಲಲ್ಲೂ ದಿನಾ ನಿಂತು ಹೇಳುತ್ತಿದ್ದ. ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನಾಗಿದ್ದರೂ ಹಾಕಿಕೊಳ್ಳುತ್ತಿದ್ದೆ.

ಮೂರು ಮಳೆಗಾಲ ಹೀಗೇ ಕಳೆಯಿತಂತೆ. ನಾಲ್ಕನೆಯದರಲ್ಲಿ ಮಕ್ಕಳು ಎರಡು ದಿನ ಗಂಜಿಯಿಲ್ಲದೆ ಮಲಗಿದಾಗ ಕುಸಲಿ ಬಾಗಿಲು ತೆರೆದಳು. ಗಂಡನ ಗಾಳವನ್ನು ಅಣ್ಣನ ಮುಂದೆ ಇಟ್ಟಳು. ಮೊದಲಿನಿಂದ ಹೇಳು ಅಂದಳು. ಜಟ್ಟಿ ಹೇಳಿದ. ಅವನು ಮುಗಿಸಿದಾಗ ಅವಳು ಮತ್ತೆ ಕೇಳಿದಳು, ಇನ್ನೇನಾದರೂ ಉಳಿದಿದೆಯಾ ಅಂತ. ಅವನು ನೆನೆಸಿಕೊಂಡು ಇನ್ನೊಂದು ಹೇಳಿದ. ಅವಳು ಮತ್ತೆ ಕೇಳಿದಳು. ಅವನು ಮತ್ತೊಂದು ಹೇಳಿದ. ಬೆಳಿಗ್ಗೆ ಕೂತವರು ಭರತ ಬಂದು ಇಳಿಯುವವರೆಗೂ ಎದ್ದಿರಲಿಲ್ಲವಂತೆ. ಆಮೇಲೆ ಅವಳು ಒಬ್ಬಳೇ ಬಂಡೆಗೆ ಹೋದಳು. ಆ ಮಕ್ಕಳನ್ನು ಅವಳ ಗಾಳವೇ ಸಾಕಿತು. ಅಣ್ಣನನ್ನು ಕ್ಷಮಿಸಿದಳೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ ಅಂತ ಹೇಳುತ್ತಾರೆ.

ಈಗ ನೈಲಾನ್ ದಾರ ಬಂದಿದೆ, ತಿರುಗಿಸುವ ರೀಲು ಬಂದಿದೆ. ಆದರೂ ಆ ಅಳಿವೆಯಲ್ಲಿ ಯಾರಾದರೂ ಯಾರಿಗಾದರೂ ಗಾಳ ಕಲಿಸಿದರೆ ಪಕ್ಕದಲ್ಲಿ ಒಬ್ಬ ಹೆಂಗಸು ನಿಲ್ಲಬೇಕು. ತಾಯಿಯೋ, ಹೆಂಡತಿಯೋ, ಅಕ್ಕನೋ, ಯಾರಾದರೂ ಸರಿ. ಕಲಿಸುವವನು ಎಲ್ಲ ಹೇಳಿ ಮುಗಿಸಿದ ಮೇಲೆ ಅವಳು ಅವನ ಮುಖ ನೋಡಿ, ಎಲ್ಲಾ ಹೇಳಿದ್ಯಾ ಅಂತ ಕೇಳುತ್ತಾಳೆ. ಅವನು ತಲೆ ಎತ್ತಿ, ಹೇಳಿದೆ ಅನ್ನುವವರೆಗೆ ಗಾಳ ನೀರಿಗಿಳಿಯುವುದಿಲ್ಲ.